ಸಂಪಾದಕರ ಉತ್ತರ: ಹೂಮಳೆ ಗೊತ್ತಿದ್ದ ಹುಡುಗ

ಮೂಡಿಗೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಎಂಟು ವರ್ಷ ಕಷ್ಟಪಟ್ಟು ಒಂದು ಡಿಜಿಟಲ್ ಜಾಹೀರಾತು ಕಂಪನಿ ಕಟ್ಟಿದರಂತೆ. ಈಗ ದೊಡ್ಡ ಕಂಪನಿಯೊಂದು ಅದನ್ನು ಕೊಳ್ಳಲು ಬಂದಿದೆ. ಆ ದೊಡ್ಡ ಕಂಪನಿ ಬೆಳೆದಿದ್ದೇ ಹೀಗೆ, ಒಂದಾದ ಮೇಲೊಂದು ಚಿಕ್ಕ ಕಂಪನಿ ಕೊಂಡು. "ಕಳೆದ ಸಂಚಿಕೆಯಲ್ಲಿ ನೀವು ಇಂಥ ಬೆಳವಣಿಗೆಯನ್ನು ಬೈದಿದ್ದಿರಿ. ಇದು ಕಸಿ ಕಟ್ಟಿದ ಹಾಗೆ ಸರ್, ಬೇಗ ಫಲ ಬರುತ್ತೆ. ನಮ್ಮೂರ ಹುಡುಗ ಮೇಲೆ ಬಂದರೆ ಖುಷಿಪಡಬೇಕಲ್ವಾ?" ಅಂತ ಕೇಳಿದ್ದಾರೆ.

ಖುಷಿಯಿದೆ ಗೆಳೆಯರೇ. ಸುಮ್ನೆ ಹೇಳುತ್ತಿಲ್ಲ. ಚಿಕ್ಕ ಕಂಪನಿ ನಡೆಸುವವರ ಕಷ್ಟ ನನಗೆ ಗೊತ್ತು. ಕೆಲಸ ಮುಗಿಸಿ ಮೂರು ತಿಂಗಳಾದರೂ ಬಿಲ್ ಪಾಸಾಗುವುದಿಲ್ಲ, ಒಂದನೇ ತಾರೀಖು ಸಂಬಳ ಮಾತ್ರ ಕೊಡಲೇಬೇಕು. ದೊಡ್ಡವರ ಕೈ ಸೇರಿ ಚೆನ್ನಾಗಿ ಆದವರೂ ಇದ್ದಾರೆ. ದೆಹಲಿಯಲ್ಲಿ 1999ರಲ್ಲಿ ಹುಟ್ಟಿದ ವೆಬ್‌ಚಟ್ನಿ ಎಂಬ ಡಿಜಿಟಲ್ ಜಾಹೀರಾತು ಕಂಪನಿಯನ್ನು ಜಪಾನಿನ ದೊಡ್ಡ ಜಾಹೀರಾತು ಕಂಪನಿ ಡೆಂಟ್ಸು 2013ರಲ್ಲಿ ಕೊಂಡಿತು. 2022ರಲ್ಲಿ, ವೆಬ್‌ಚಟ್ನಿ ತಂಡವೇ ಇದ್ದ ಡೆಂಟ್ಸುವಿನ ಬೆಂಗಳೂರು ಕಚೇರಿಗೆ ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವದಲ್ಲಿ ವರ್ಷದ ಏಜೆನ್ಸಿ ಪ್ರಶಸ್ತಿ ಬಂತು. ಇದನ್ನು ಒಪ್ಪುತ್ತೇನೆ.

ಆದರೆ ನಿಮ್ಮ ಕಸಿಯ ಹೋಲಿಕೆ ಒಪ್ಪುವುದಿಲ್ಲ. ನೀವು ಮಲೆನಾಡಿನವರು, ನಿಮಗೆ ಇದನ್ನು ಹೇಳಿಕೊಡಬೇಕೇ? ಕಸಿ ಕಟ್ಟುವವರು ಬೇರು ಉಳಿಸುತ್ತಾರೆ. ನೆಲದ ಗುಣ ತಿಳಿದ ಬೇರು ಕೆಳಗೆ, ಬೇಕಾದ ತಳಿ ಮೇಲೆ. ಹಾಲುವಾಣಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದಾಗಲೂ ಮರ ಮರವಾಗಿಯೇ ನಿಂತಿರುತ್ತದೆ. ಕೊಂಡು ಬೆಳೆಯುವ ಜಾಹೀರಾತು ಕಂಪನಿಗಳಲ್ಲಿ ನಾನು ಕಂಡಿದ್ದು ಬೇರೆ. ಫಸಲು ಕೊಯ್ದುಕೊಂಡು ಬೇರು ಕಿತ್ತು ಹಾಕುತ್ತಾರೆ.

ಚಿಕ್ಕಮಗಳೂರಿನಲ್ಲೇ ನಡೆದಿದ್ದು ಹೇಳುತ್ತೇನೆ. ಐ.ಜಿ. ರಸ್ತೆಯ ಹತ್ತಿರ, ಮಹಡಿ ಮೇಲಿನ ಎರಡು ಕೋಣೆಗಳಲ್ಲಿ ಒಂದು ಜಾಹೀರಾತು ಆಫೀಸಿತ್ತು. ನಾಲ್ಕು ಜನ. ನಮ್ಮ ಪತ್ರಿಕೆಗೆ ಗೊಬ್ಬರದ ಕಂಪನಿಯೊಂದರ ಜಾಹೀರಾತು ಅವರಿಂದಲೇ ಬರುತ್ತಿತ್ತು. ಬೆಳೆಗಾರರ ವಾಟ್ಸಾಪ್ ಗುಂಪುಗಳಿಗೆ ಬೇಕಾದ ವಿಡಿಯೋ, ಫೇಸ್‌ಬುಕ್ ಜಾಹೀರಾತು ಎಲ್ಲವನ್ನೂ ಅವರೇ ಮಾಡುತ್ತಿದ್ದರು. ಅಲ್ಲಿ ಬರೆಯುತ್ತಿದ್ದ ಹುಡುಗ ಆಲ್ದೂರು ಕಡೆಯವನು. ಅವನು ಜಾಹೀರಾತಿನ ತಾರೀಖು ಮೊದಲೇ ಹೇಳುತ್ತಿರಲಿಲ್ಲ. "ಹೂಮಳೆ ಬೀಳಲಿ ಸರ್, ಅವತ್ತು ಸಂಜೆಯೇ ಹಾಕೋಣ" ಅನ್ನುತ್ತಿದ್ದ. ಕಾಫಿ ಗಿಡ ಹೂ ಬಿಡಬೇಕಾದರೆ ಬೇಸಿಗೆಯಲ್ಲಿ ಆ ಒಂದು ಮಳೆ ಬೇಕು. ಫೆಬ್ರವರಿಯಲ್ಲೂ ಬರಬಹುದು, ಏಪ್ರಿಲ್‌ವರೆಗೂ ಸತಾಯಿಸಬಹುದು. ಆಮೇಲೆ ಇನ್ನೊಂದು ಬ್ಯಾಕಿಂಗ್ ಮಳೆ ಬಿದ್ದರೆ ಕಾಯಿ ಕಚ್ಚುತ್ತದೆ. "ಹೂಮಳೆ ಆಯ್ತಾ?" ಎಂಬ ಎರಡೇ ಪದ ದೊಡ್ಡದಾಗಿ ಹಾಕುತ್ತಿದ್ದ. ಬೆಳೆಗಾರರು ನಿಂತು ಓದುತ್ತಿದ್ದರು.

ಆ ಆಫೀಸನ್ನು ಬೆಂಗಳೂರಿನ ಕಂಪನಿ ಕೊಂಡಿತು. ಎರಡು ವರ್ಷದೊಳಗೆ ಆ ಕಂಪನಿಯನ್ನೇ ಮುಂಬೈಯವರು ಕೊಂಡರು. ಜಾಹೀರಾತು ಮಾರ್ಚ್ ಮೊದಲ ವಾರಕ್ಕೆ ಅಂತ ಮೊದಲೇ ನಿಗದಿಯಾಗಿ ಬಂತು. ಆ ವರ್ಷ ಮಳೆ ಬೇಗ ಬಿದ್ದು, ಹೂ ಬಾಡಿ ಕಂದಾಗಿತ್ತು. ನಮ್ಮ ಪುಟದಲ್ಲಿ ಅಚ್ಚಾದ ಸಾಲು ಇದು: "ಹೂಬಿಡುವ ಋತುವಿಗಾಗಿ ನಿಮ್ಮ ಕಾಫಿ ಬೀನ್ಸ್‌ಗಳನ್ನು ಸಂತೋಷಪಡಿಸಿ." ಇಂಗ್ಲಿಷಿನಲ್ಲಿ ಯಾರೋ ಬರೆದಿದ್ದು, ಇನ್ಯಾರೋ ಕನ್ನಡ ಅಕ್ಷರದಲ್ಲಿ ಕೂರಿಸಿದ್ದು. ಹುಡುಗನಿಗೆ ಫೋನ್ ಮಾಡಿದೆ. ಅವನು ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಅವನು ಬಿಟ್ಟಿದ್ದಲ್ಲ, ಕನ್ನಡಕ್ಕೊಬ್ಬ ಬೇರೆ ಮನುಷ್ಯ ಯಾಕೆ ಅಂತ ಅವರೇ ತೆಗೆದಿದ್ದು. ಆ ದಿನ ನನಗೆ ಊಟ ಸೇರಲಿಲ್ಲ.

ಇದು ಒಂದು ಊರಿನ ದುರದೃಷ್ಟ ಅಂದುಕೊಳ್ಳಬೇಡಿ. ವ್ಯವಹಾರದ ಲೆಕ್ಕವೇ ಹಾಗಿದೆ. ಷೇರು ಪೇಟೆ ದೊಡ್ಡ ಕಂಪನಿಗೆ ಅದರ ವರ್ಷದ ಲಾಭದ 15 ಪಟ್ಟು ಬೆಲೆ ಕಟ್ಟಿದೆ ಅಂತಿಟ್ಟುಕೊಳ್ಳಿ. ಚಿಕ್ಕ ಕಂಪನಿ 6 ಪಟ್ಟಿಗೆ ಸಿಗುತ್ತದೆ. 1 ಕೋಟಿ ಲಾಭದ ಕಂಪನಿಯನ್ನು 6 ಕೋಟಿಗೆ ಕೊಂಡರೆ, ಅದೇ 1 ಕೋಟಿ ಲಾಭ ದೊಡ್ಡವರ ಪುಸ್ತಕದಲ್ಲಿ 15 ಕೋಟಿ ಬೆಲೆ ಬಾಳುತ್ತದೆ. ಒಂದು ಸಾಲು ಹೊಸದಾಗಿ ಬರೆಯದೆ, ಒಬ್ಬ ಗಿರಾಕಿಯನ್ನೂ ಹೊಸದಾಗಿ ತರದೆ ಇಷ್ಟು ಬೆಳವಣಿಗೆ. ಒಮ್ಮೆ ಈ ರುಚಿ ಹತ್ತಿದರೆ ಕೊಳ್ಳುವುದು ನಿಲ್ಲುವುದಿಲ್ಲ.

ಇದರ ದೊಡ್ಡ ಉದಾಹರಣೆ ಡಬ್ಲ್ಯುಪಿಪಿ ಎಂಬ ಬ್ರಿಟಿಷ್ ಜಾಹೀರಾತು ಕಂಪನಿ. 1985ರಲ್ಲಿ ಮಾರ್ಟಿನ್ ಸೊರೆಲ್ ಇಂಗ್ಲೆಂಡಿನ ಒಂದು ತಂತಿ ಬುಟ್ಟಿ ಕಂಪನಿಯ ಷೇರು ಕೊಂಡರು. ಹೆಸರು ವೈರ್ ಅಂಡ್ ಪ್ಲಾಸ್ಟಿಕ್ ಪ್ರಾಡಕ್ಟ್ಸ್, ಅದೇ ಡಬ್ಲ್ಯುಪಿಪಿ ಆಯಿತು. ಆ ಬುಟ್ಟಿಯೊಳಗೆ 1987ರಲ್ಲಿ 56.6 ಕೋಟಿ ಡಾಲರಿಗೆ ಜೆ. ವಾಲ್ಟರ್ ಥಾಂಪ್ಸನ್ ಎಂಬ ಅಮೆರಿಕದ ಜಾಹೀರಾತು ಕಂಪನಿ ಬಂತು. 1989ರಲ್ಲಿ ಓಗಿಲ್ವಿ, 2000ದಲ್ಲಿ ಯಂಗ್ ಅಂಡ್ ರುಬಿಕಮ್. ಥಾಂಪ್ಸನ್ ಎಂದರೆ 1864ರಷ್ಟು ಹಳೆಯ ಹೆಸರು. ನಮ್ಮ ದೇಶದಲ್ಲಿ ಅದು ಹಿಂದೂಸ್ತಾನ್ ಥಾಂಪ್ಸನ್ ಆಗಿತ್ತು. 2018ರಲ್ಲಿ ಅದನ್ನು ಇನ್ನೊಂದು ಕಂಪನಿಯ ಜೊತೆ ಸೇರಿಸಿದರು, 2023ರಲ್ಲಿ ಮತ್ತೊಂದರ ಜೊತೆ. ಈಗ ಉಳಿದಿರುವುದು ವಿಎಂಎಲ್ ಎಂಬ ಮೂರಕ್ಷರ. ಥಾಂಪ್ಸನ್ ಎಲ್ಲೂ ಇಲ್ಲ. ಸೊರೆಲ್ 2018ರಲ್ಲಿ ಅಲ್ಲಿಂದ ಹೊರಬಂದು, ಎಸ್4 ಕ್ಯಾಪಿಟಲ್ ಎಂಬ ಡಿಜಿಟಲ್ ಕಂಪನಿ ಶುರುಮಾಡಿ, ಮತ್ತೆ ಅದೇ ದಾರಿ ಹಿಡಿದರು. ಬೇಗ ಬೇಗ ಕೊಂಡರು. 2022ರಲ್ಲಿ ಆಡಿಟ್ ಹೊತ್ತಿಗೆ ಮುಗಿಯದೆ ವಾರ್ಷಿಕ ಲೆಕ್ಕ ತಡವಾಯಿತು, ಷೇರು ಕುಸಿಯಿತು.

ಯಾಹೂ ಕಥೆ ನಿಮಗೆ ನೆನಪಿರಬಹುದು. 2013ರಲ್ಲಿ 110 ಕೋಟಿ ಡಾಲರ್ ಕೊಟ್ಟು ಟಂಬ್ಲರ್ ಎಂಬ ಬ್ಲಾಗ್ ತಾಣ ಕೊಂಡರು. ಆಮೇಲೆ ಯಾಹೂವನ್ನೇ ಅಮೆರಿಕದ ಫೋನ್ ಕಂಪನಿ ವೆರೈಜನ್ ಕೊಂಡಿತು. 2019ರಲ್ಲಿ ಟಂಬ್ಲರ್ ಮತ್ತೆ ಕೈಬದಲಾದಾಗ ಹಳೆಯ ಬೆಲೆಯ ಒಂದು ಚೂರು ಮಾತ್ರ ಉಳಿದಿತ್ತು.

ನಿಮ್ಮ ಅಣ್ಣನೋ ತಮ್ಮನೋ, ಅವರಿಗೆ ಒಂದು ಮಾತು ಹೇಳಿ. ಇಂಥ ಒಪ್ಪಂದದಲ್ಲಿ ಎಷ್ಟೋ ಸಲ ಪೂರ್ತಿ ಹಣ ಮೊದಲೇ ಕೊಡುವುದಿಲ್ಲ. ಸ್ವಲ್ಪ ಈಗ, ಉಳಿದಿದ್ದು ಮೂರೋ ಐದೋ ವರ್ಷದಲ್ಲಿ, ಹೇಳಿದಷ್ಟು ಲಾಭ ತೋರಿಸಿದರೆ. ಅರ್ನ್-ಔಟ್ ಅನ್ನುತ್ತಾರೆ. ಲಾಭ ಜಾಸ್ತಿ ತೋರಿಸಲು ಸುಲಭದ ದಾರಿ ಸಂಬಳ ಉಳಿಸುವುದು. ಮೊದಲು ಹೋಗುವುದು ಯಾರು? ಕನ್ನಡ ಬರೆಯುವ ಹುಡುಗಿ, ತಿಪಟೂರು ಕೊಬ್ಬರಿ ಸಂತೆ ಯಾವ ದಿನ ಅಂತ ಗೊತ್ತಿರುವ ಹುಡುಗ.

ನಾನು ಹೇಳಬೇಕೆಂದಿದ್ದು ಇದೇ. ಜಾಹೀರಾತು ಭಾಷೆಯ ಕೆಲಸ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4 ಕೋಟಿ 37 ಲಕ್ಷ. ಇಷ್ಟು ಜನಕ್ಕೆ ಸೋಪು, ವಿಮೆ, ಗೊಬ್ಬರ ಮಾರುವವರು ಕನ್ನಡದಲ್ಲಿ ಯೋಚಿಸುವ ಒಬ್ಬರನ್ನೂ ಇಟ್ಟುಕೊಳ್ಳುವುದಿಲ್ಲ ಅಂದರೆ ಹೇಗೆ? ಹಾಸನದ ಬಸ್ ನಿಲ್ದಾಣದಲ್ಲಿ ಕಾಯುವಾಗ ಸುತ್ತಲಿನ ಜಾಹೀರಾತು ಫಲಕಗಳನ್ನು ಓದುತ್ತೇನೆ. ಒತ್ತಕ್ಷರ ಬಿಟ್ಟುಹೋಗಿರುತ್ತದೆ, ಕ್ರಿಯಾಪದ ಸಾಲಿನ ಮಧ್ಯೆ ನಿಂತಿರುತ್ತದೆ. ಮೊಬೈಲಿನಲ್ಲಿ ಕನ್ನಡ ಹಾಡು ಕೇಳುವವರಿಗೆ ನಡುವೆ ಹಿಂದಿ ಜಾಹೀರಾತು. ಕೀಟನಾಶಕದ ಡಬ್ಬದ ಮೇಲೆ ಎಷ್ಟು ಲೀಟರ್ ನೀರಿಗೆ ಎಷ್ಟು ಬೆರೆಸಬೇಕು ಎಂಬುದನ್ನೂ ಅರ್ಥವಾಗದ ಹಾಗೆ ಅನುವಾದಿಸಿದರೆ ಸಿಂಪಡಿಸುವವರ ಜೀವಕ್ಕೇ ಅಪಾಯ. ನಾವು ಹಣ ಕೊಟ್ಟು ಕೊಳ್ಳುವವರು. ನಮ್ಮ ಜೊತೆ ನಮ್ಮ ಮಾತಿನಲ್ಲಿ ಮಾತಾಡಿ ಅನ್ನುವುದು ದೊಡ್ಡ ಬೇಡಿಕೆಯೇ?

ವಿಜಯ ಸಂಕೇಶ್ವರರು 2006ರಲ್ಲಿ ವಿಜಯ ಕರ್ನಾಟಕವನ್ನು ಟೈಮ್ಸ್ ಬಳಗಕ್ಕೆ ಮಾರಿದರು. 2012ರಲ್ಲಿ ವಿಜಯವಾಣಿ ಶುರುಮಾಡಿದರು. ಮಾರಿದವರು ಮತ್ತೆ ನೆಡಬಹುದು, ಅದೂ ಕನ್ನಡದಲ್ಲೇ. ಇದನ್ನು ನೆನೆದಾಗ ನನಗೆ ಧೈರ್ಯ ಬರುತ್ತದೆ.

ನಿಮ್ಮವರು ಇನ್ನೂ ಸಹಿ ಹಾಕಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಲು ಹೇಳಿ: ಕನ್ನಡ ಬರೆಯುವವರನ್ನು ಕನಿಷ್ಠ ಐದು ವರ್ಷ ತೆಗೆಯುವಂತಿಲ್ಲ. ಕೊಳ್ಳುವವರು ಒಪ್ಪುತ್ತಾರೋ ಇಲ್ಲವೋ ನನಗೆ ಬರೆದು ತಿಳಿಸಿ. ಆಲ್ದೂರಿನ ಆ ಹುಡುಗ ಈಗ ತೋಟ ನೋಡಿಕೊಂಡಿದ್ದಾನೆ. ಕೆಲಸ ಇದೆ ಅಂದರೆ ಬರುತ್ತಾನೆ. ಅವನ ನಂಬರ್ ನನ್ನ ಹತ್ತಿರ ಇದೆ.