ಬೋರ್ಡ್ ತುಂಬ ಕಾರ್ಡು, ಮುಗಿಯುವುದು ಮಾತ್ರ ಮೂರು

ಪ್ರಶ್ನೆ: ಮೇಡಂ, ನಮ್ಮದು ಒಂಬತ್ತು ಜನರ ಸಾಫ್ಟ್‌ವೇರ್ ತಂಡ. ಕೆಲಸದ ಪಟ್ಟಿಯೆಲ್ಲ ಆಫೀಸಿನ ಅಜೂರ್ ಡೆವ್‌ಆಪ್ಸ್ ಸರ್ವರ್‌ನಲ್ಲಿದೆ (ತಂಡದ ಕೆಲಸದ ಲೆಕ್ಕ ಇಡುವ ಮೈಕ್ರೋಸಾಫ್ಟ್ ತಂತ್ರಾಂಶ). ಬ್ರೌಸರ್‌ನಲ್ಲಿ ಒಂದೊಂದೇ ಐಟಂ ತೆರೆದು ಸೇವ್ ಮಾಡುವುದು ಬೇಸರ. ಕಾರ್ಡುಗಳನ್ನು ಎಳೆದು ಜೋಡಿಸುವ ಡೆಸ್ಕ್‌ಟಾಪ್ ಟೂಲ್ ಕೊಳ್ಳೋಣ, ಕೆಲಸ ಬೇಗ ಮುಗಿಯುತ್ತದೆ ಅಂತಾರೆ ನಮ್ಮ ಮ್ಯಾನೇಜರ್. ಈಗ ಬೋರ್ಡ್‌ನ ‘ಆಕ್ಟಿವ್’ (ಕೈಗೆತ್ತಿಕೊಂಡ ಕೆಲಸಗಳ) ಕಾಲಮ್‌ನಲ್ಲೇ 18 ಸ್ಟೋರಿಗಳಿವೆ, ಅಂದರೆ ಕಾರ್ಡಿಗೊಂದರಂತೆ ಬರೆದ ಸಣ್ಣ ಸಣ್ಣ ಕೆಲಸಗಳು. ವಾರಕ್ಕೆ ಮೂರು ಮುಗಿದರೆ ಹೆಚ್ಚು. ಏನು ಮಾಡಲಿ?
– ಟೀಮ್ ಲೀಡ್, ಹುಬ್ಬಳ್ಳಿ

ಉತ್ತರ: ನಿಮ್ಮ ಬೇಸರಕ್ಕೆ ಮದ್ದು ಬಹುಶಃ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ವಿಂಡೋಸ್‌ನ ಎಕ್ಸೆಲ್‌ಗೆ ಮೈಕ್ರೋಸಾಫ್ಟ್‌ನದೇ ಒಂದು ಆಡ್-ಇನ್ (ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಸಿಗುತ್ತದೆ. ಹಾಕಿಕೊಂಡರೆ ‘ಟೀಮ್’ ಅನ್ನುವ ಟ್ಯಾಬ್ ಬರುತ್ತದೆ. ಸರ್ವರ್‌ನಿಂದ ಪಟ್ಟಿ ತಂದುಕೊಂಡು, ನಲವತ್ತು ಐಟಂಗಳ ಸ್ಪ್ರಿಂಟ್ (ಕೆಲಸ ಮುಗಿಸಲು ಇಟ್ಟುಕೊಂಡ ಕೆಲವು ವಾರಗಳ ಅವಧಿ) ಒಮ್ಮೆಗೇ ಬದಲಿಸಿ, ‘ಪಬ್ಲಿಶ್’ ಒತ್ತಿ. ಅಷ್ಟೇ. ಸಾಲು ತಿದ್ದುವಾಗ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಮ್ಯಾಕ್‌ನಲ್ಲಿ ಮಾತ್ರ ಇದು ಓಡುವುದಿಲ್ಲ.

ಆದರೆ ನನಗೆ ಕಣ್ಣಿಗೆ ಹೊಡೆದದ್ದು ಆ 18. ಒಂಬತ್ತು ಜನರಿಗೆ 18 ಅಂದರೆ ಪ್ರತಿಯೊಬ್ಬರೂ ಎರಡೆರಡು ಹಿಡಿದು ಕೂತಿದ್ದಾರೆ, ಅಲ್ವಾ? ವಾರಕ್ಕೆ ಮೂರರಂತೆ ಮುಗಿದರೆ, ಇವತ್ತು ಆಕ್ಟಿವ್‌ಗೆ ಬಂದ ಸ್ಟೋರಿ ಹೊರಬೀಳಲು ಸರಾಸರಿ ಆರು ವಾರ ಬೇಕು. ಇದು ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಲೆಕ್ಕ: ಕೈಯಲ್ಲಿರುವ ಕೆಲಸವನ್ನು ಮುಗಿಯುವ ವೇಗದಿಂದ ಭಾಗಿಸಿ. ಅದೇ ವೇಗದಲ್ಲಿ ಆರೇ ಸ್ಟೋರಿ ಹಿಡಿದರೆ ಎರಡು ವಾರ. ಯಾವ ಟೂಲೂ ಈ ಭಾಗಾಕಾರ ಬದಲಿಸುವುದಿಲ್ಲ.

ಹಾಗಾಗಿ ಮೊದಲು ಈಗಿರುವ ಬೋರ್ಡ್‌ನ ಸೆಟ್ಟಿಂಗ್ಸ್‌ಗೆ ಹೋಗಿ. ಆಕ್ಟಿವ್ ಕಾಲಮ್‌ಗೆ ಮಿತಿ ಹಾಕಿ. ಮೀರಿದರೆ ಮೇಲಿನ ಅಂಕಿ ಕೆಂಪಾಗುತ್ತದೆ. ಕಾರ್ಡನ್ನು ತಡೆಯುವುದಿಲ್ಲ, ಸುಮ್ನೆ ಕೆಂಪಾಗುತ್ತದೆ! ತಡೆಯಬೇಕಾದವರು ನೀವು. ಅಲ್ಲೇ ಕಾಲಮ್ ಅನ್ನು ‘ಡೂಯಿಂಗ್’, ‘ಡನ್’ ಎಂದು ಎರಡಾಗಿ ಸೀಳುವ ಆಯ್ಕೆಯೂ ಇದೆ. ಕೋಡ್ ಬರೆದಾಗಿದೆ, ಟೆಸ್ಟರ್ ಇನ್ನೂ ಮುಟ್ಟಿಲ್ಲ ಅನ್ನುವ ಸ್ಟೋರಿಗಳು ಡನ್ ಕಡೆ ರಾಶಿ ಬೀಳುತ್ತವೆ. ನಿಮ್ಮಲ್ಲೂ ಅಲ್ಲೇ ಸಿಕ್ಕಿಕೊಂಡಿರಬಹುದು ಅಂತ ನನ್ನ ಗುಮಾನಿ. ಹಾಗಿದ್ದರೆ ಡೆವಲಪರ್‌ಗಳೂ ಒಂದೆರಡು ದಿನ ಟೆಸ್ಟಿಂಗ್‌ಗೆ ಕೂರಲಿ. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ ಬಿಡಿ.

ಇಷ್ಟಾದ ಮೇಲೂ ಮ್ಯಾನೇಜರ್‌ಗೆ ಡೆಸ್ಕ್‌ಟಾಪ್ ಟೂಲ್ ಬೇಕೇ ಬೇಕು ಅಂದರೆ, ನಿಮ್ಮ ಸರ್ವರ್ ಆವೃತ್ತಿಗೆ ಅದು ಹೊಂದುತ್ತದಾ ಅಂತ ಬರಹದಲ್ಲೇ ಕೇಳಿ. ಇಂಥ ಕೊಂಡಿಗಳ ಆಯಸ್ಸು ಹೇಳಕ್ಕಾಗಲ್ಲ. ಮೈಕ್ರೋಸಾಫ್ಟೇ ತನ್ನ ಪ್ರಾಜೆಕ್ಟ್ ತಂತ್ರಾಂಶದ ಜೊತೆಗಿನ ಕೊಂಡಿಯನ್ನು 2019ರ ಆವೃತ್ತಿಯಿಂದ ಕೈಬಿಟ್ಟಿತು. ಆಮೇಲೆ ಟ್ರಯಲ್ ಹಾಕಿಕೊಂಡು ಎರಡು ಕಂಪ್ಯೂಟರ್‌ಗಳಲ್ಲಿ ಒಂದೇ ಕಾರ್ಡನ್ನು ಬೇರೆ ಬೇರೆ ಕಾಲಮ್‌ಗೆ ಎಳೆದು ಸೇವ್ ಮಾಡಿ. ಎಕ್ಸೆಲ್ ಆದರೆ ಪಬ್ಲಿಶ್ ಮಾಡುವಾಗ ನಿಲ್ಲಿಸಿ, ಯಾರದ್ದು ಉಳಿಯಲಿ ಅಂತ ಕೇಳುತ್ತದೆ. ಈ ಟೂಲ್ ಏನೂ ಕೇಳದೆ ಒಬ್ಬರದ್ದನ್ನು ಅಳಿಸಿಬಿಟ್ಟರೆ, ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.