ಪ್ರತಿಕ್ರಿಯೆ: ರೈಲ್ವೆ ಗೇಟಿನ ಕೆಳಸೇತುವೆಗೆ ಯಾರಿಗೆ ಅರ್ಜಿ ಕೊಡಬೇಕು?

ದಾವಣಗೆರೆಯ ನಿಮ್ಮ ಬಡಾವಣೆಯ ಗೇಟಿಗೆ ಕೆಳಸೇತುವೆ, ಅದರ ಗೋಡೆಗೆ ಚಿತ್ರ, ಪಕ್ಕದಲ್ಲಿ ಪಾದಚಾರಿ ಮಾರ್ಗ, ಈ ಮೂರನ್ನೂ ಪಾಲಿಕೆಯ ಸಮಿತಿಯೊಂದೇ ಮಂಜೂರು ಮಾಡಬಲ್ಲದೇ ಎಂದು ಕೇಳಿದ್ದೀರಿ. ಮಾಡಲಾರದು. 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಡಿ ಇರುವ ನಗರ ಯೋಜನೆ ಮತ್ತು ಅಭಿವೃದ್ಧಿ ಸ್ಥಾಯಿ ಸಮಿತಿಯು ಪ್ರಸ್ತಾವವನ್ನು ಪರಿಶೀಲಿಸಿ ಶಿಫಾರಸು ಮಾಡಬಹುದು. ಆದರೆ ಹಳಿಯ ಕೆಳಗಿನ ಕಾಮಗಾರಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು.

ತಕರಾರು ಹುಟ್ಟುವುದು ಲೆಕ್ಕದಲ್ಲಿ. ದಿನವೊಂದಕ್ಕೆ ಹಾದುಹೋಗುವ ರೈಲುಗಳ ಸಂಖ್ಯೆಯನ್ನು ವಾಹನಗಳ ಘಟಕಗಳಿಂದ ಗುಣಿಸಿದಾಗ 1 ಲಕ್ಷ ದಾಟಿದರೆ ರೈಲ್ವೆ ಮತ್ತು ರಾಜ್ಯ ಸರ್ಕಾರ ವೆಚ್ಚ ಹಂಚಿಕೊಳ್ಳುವ ಮೇಲ್ಸೇತುವೆ ಅಥವಾ ಕೆಳಸೇತುವೆಗೆ ಅರ್ಹತೆ ಬರುತ್ತದೆ ಎಂಬುದು ರೂಢಿಯ ಮಾನದಂಡ. ಇದರಲ್ಲಿ ಲಾರಿಗೆ ಒಂದು, ಆಟೋಗೆ ಅರ್ಧ. ನಡೆದು ಹೋಗುವವರಿಗೆ ಸೊನ್ನೆ! ಗೇಟು ಬಿದ್ದಾಗ ಸೊಪ್ಪಿನ ಬುಟ್ಟಿಯನ್ನು ಕಂಕುಳಿಗೆ ಇಳಿಸಿಕೊಂಡು, ಬೆನ್ನು ಬಗ್ಗಿಸಿ ಅಡ್ಡಪಟ್ಟಿಯ ಕೆಳಗೆ ನುಸುಳುವ ಹೆಂಗಸನ್ನು ಅಶೋಕ ರಸ್ತೆಯ ಗೇಟಿನಲ್ಲಿ ಕಾದು ನಿಂತವರೆಲ್ಲ ಕಂಡಿದ್ದಾರೆ, ಆದರೆ ಆಕೆ ಆ ಗಣತಿಯಲ್ಲಿ ಇಲ್ಲ. ಆದ್ದರಿಂದ ಬೆಳಿಗ್ಗೆ, ಸಂಜೆ ಒಂದೊಂದು ಗಂಟೆ ಪಾದಚಾರಿಗಳನ್ನು ನೀವೇ ಎಣಿಸಿ, ದಿನಾಂಕ ಸಹಿತ ಅರ್ಜಿಗೆ ಲಗತ್ತಿಸುವುದು ಒಳಿತು. ಮಳೆನೀರು ಹೊರಹೋಗುವ ದಾರಿಯನ್ನೂ ನಕ್ಷೆಯಲ್ಲೇ ತೋರಿಸುವಂತೆ ಒತ್ತಾಯಿಸಿ; ನೀರು ನಿಲ್ಲುವ ಕೆಳಸೇತುವೆ ಗೇಟಿಗಿಂತ ಕಷ್ಟ.

ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್ ಅಗಲವನ್ನು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಈ ಅಂಶವನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಪ್ರತ್ಯೇಕವಾಗಿ ಸಲ್ಲಿಸಿ. ಗೋಡೆಚಿತ್ರಕ್ಕೆ ಗೋಡೆ ಯಾರದೋ ಅವರ ಒಪ್ಪಿಗೆ ಸಾಕು, ಅದನ್ನು ಕೊನೆಗೆ ಇಟ್ಟುಕೊಳ್ಳಿ.