ಗೊತ್ತಿರುವ ಕಥೆಗೆ ಇಷ್ಟು ಕಾಯಬೇಕೇ?

ದಾವಣಗೆರೆಯ ಓದುಗರೊಬ್ಬರು ಬರೆದ ನಾಲ್ಕು ಪುಟದ ಪತ್ರದ ಸಾರ ಇಷ್ಟು. ಕಾಲೇಜಿನ ದಿನಗಳಲ್ಲಿ ಗೆಳೆಯನ ಕಂಪ್ಯೂಟರಿನಲ್ಲಿ ‘ಫೈನಲ್ ಫ್ಯಾಂಟಸಿ 7’ ಎಂಬ ಜಪಾನಿ ವಿಡಿಯೊ ಗೇಮ್ ಆಡುತ್ತಿದ್ದ ಇವರು, ಅದರ ನಾಯಕಿಯರಲ್ಲೊಬ್ಬಳಾದ ಏರಿತ್ ಸಾಯುವ ಘಟ್ಟಕ್ಕೆ ಬಂದು, ಮನಸ್ಸು ಒಡೆದು ಅಲ್ಲಿಗೇ ಬಿಟ್ಟರು. ಉಳಿದ ಕಥೆಯನ್ನು ಆಮೇಲೆ ಓದಿ ತಿಳಿದುಕೊಂಡರು. ಹೈಸ್ಕೂಲಿನಲ್ಲಿರುವ ಮಗ ಈಗ ಅದೇ ಆಟದ ಮೂರು ಭಾಗಗಳ ಮರುನಿರ್ಮಾಣದಲ್ಲಿ ಮೊದಲ ಭಾಗ ಮುಗಿಸಿದ್ದಾನೆ, ಎರಡನೆಯದು ಇನ್ನೂ ಶುರುವಾಗಬೇಕು. ಏರಿತಳಿಗೆ ಏನಾಗುತ್ತದೆಂಬುದು ಅವನಿಗೂ ಗೊತ್ತು. ಯೂಟ್ಯೂಬ್ ಇರುವ ಕಾಲದಲ್ಲಿ ಗುಟ್ಟು ಎಲ್ಲಿಂದ ಉಳಿಯಬೇಕು. ಅಪ್ಪ, ಮಗ ಇಬ್ಬರೂ ಮೂರನೆಯ ಭಾಗಕ್ಕಾಗಿ ಕಾಯುತ್ತಿದ್ದಾರೆ. ಅವರ ಪ್ರಶ್ನೆಗಳು: ಕೊನೆ ಗೊತ್ತಿರುವ ಕಥೆಗೆ ಹೀಗೆ ಕಾಯುವುದು ಹುಚ್ಚಲ್ಲವೇ? ಒಂದು ಆಟವನ್ನು ಮೂರಾಗಿ ಸೀಳಿದ್ದು ಮೂರು ಸಲ ದುಡ್ಡು ಕೀಳಲಿಕ್ಕಲ್ಲವೇ? ಹಳೆಯ ಆಟವನ್ನು ಕಂಡು ‘ಮರದ ಗೊಂಬೆಗಳು’ ಎಂದು ನಗುವ ಮಗನಿಗೆ ಅದನ್ನು ಆಡಿಸಬೇಕೇ? ಇದರ ಹಿಂದಿನ ಕಥೆ ಹೇಳುವ ‘ಕ್ರೈಸಿಸ್ ಕೋರ್’ ಆಡುವುದು ಯಾವಾಗ?

ಪ್ರಿಯರೇ,

ಸಿಟ್ಟಿನ ಪ್ರಶ್ನೆಯನ್ನು ಮೊದಲು ಮುಗಿಸೋಣ. ಮೂರು ಭಾಗ ಮಾಡಿದರೆ ಮೂರು ಸಲ ಮಾರಬಹುದು, ಸರಿ. ಆಟದ ತಯಾರಕ ಕಂಪನಿ ಸ್ಕ್ವೇರ್ ಎನಿಕ್ಸ್ ಧರ್ಮಛತ್ರವೇನೂ ಅಲ್ಲ. ಆದರೆ ಹಳೆಯ ಆಟ ಹೇಗೆ ಕಟ್ಟಲ್ಪಟ್ಟಿತ್ತು ಎಂಬುದನ್ನು ನೆನಪಿಸಿಕೊಳ್ಳಿ. 1997ರ ಜನವರಿ 31ರಂದು ಜಪಾನಿನಲ್ಲಿ ಬಿಡುಗಡೆಯಾದಾಗ ಅದು ಮೂರು ಸಿ.ಡಿ.ಗಳಷ್ಟು ದೊಡ್ಡದು. ಆದರೂ ನೀವು ಓಡಾಡಿದ ಬೀದಿ, ಹೂ ಬೆಳೆದ ಚರ್ಚು, ನಾಯಕನ ಗೆಳತಿ ಟಿಫಾಳ ಬಾರು, ಎಲ್ಲವೂ ಮೊದಲೇ ಬರೆದಿಟ್ಟ ಒಂದೊಂದು ಚಪ್ಪಟೆ ಚಿತ್ರ. ಅದರ ಮೇಲೆ ಬೆರಳಿಲ್ಲದ ಮುಷ್ಟಿಯ ಪುಟ್ಟ ನಾಯಕ ಕ್ಲೌಡ್ ಓಡುತ್ತಿದ್ದ. ಕ್ಯಾಮೆರಾ ತಿರುಗುತ್ತಿರಲಿಲ್ಲ, ಹಾಗಾಗಿ ಚಿತ್ರದ ಅಂಚಿನಾಚೆ ಏನೂ ಇರಬೇಕಾಗಿರಲಿಲ್ಲ. ಈಗಿನವರು ಕ್ಯಾಮೆರಾವನ್ನು ಸುತ್ತ ತಿರುಗಿಸಿ ನೋಡುತ್ತಾರೆ. ಬಾರಿನ ಹಿಂಗೋಡೆ, ಸೂರಿನ ತಗಡು, ಪಕ್ಕದ ಮೇಜಿನ ಕುಡುಕನ ಗಡ್ಡ, ಒಂದೂ ಬಿಡದಂತೆ ಕಟ್ಟಬೇಕು. ಒಂದೇ ಆಟವಾಗಿ ಮಾಡಹೊರಟರೆ ಬಹಳಷ್ಟನ್ನು ಕತ್ತರಿಸಿ ಎಸೆಯಬೇಕಾಗುತ್ತದೆ ಎಂದು ನಿರ್ಮಾಪಕ ಯೊಶಿನೊರಿ ಕಿತಾಸೆ 2015ರಲ್ಲೇ ಹೇಳಿದ್ದರು. ಮೂಲ ಆಟದ ನಿರ್ದೇಶಕರೂ ಅವರೇ ಆದ್ದರಿಂದ ಆ ಮಾತನ್ನು ನಾನು ನಂಬುತ್ತೇನೆ.

ಹಾಗೆಂದು ಹಿಗ್ಗಿಸಿದ್ದೆಲ್ಲ ಚೆನ್ನಾಗಿದೆ ಎನ್ನಲಾರೆ. ಮೂಲದಲ್ಲಿ ಮಿಡ್‌ಗಾರ್ ನಗರವನ್ನು ಒಂದು ಭಾನುವಾರದಲ್ಲಿ ದಾಟಿಬಿಡಬಹುದಿತ್ತು. 2020ರ ಮೊದಲ ಭಾಗ ಪೂರ್ತಿ ಆ ನಗರದೊಳಗೇ ನಡೆಯುತ್ತದೆ, ಮೂವತ್ತು ನಲವತ್ತು ಗಂಟೆ ಹಿಡಿಯುತ್ತದೆ. ಚರಂಡಿಗೆ ಎರಡನೆಯ ಸಲ ಇಳಿಸುವ ಅಧ್ಯಾಯ, ವಿಜ್ಞಾನಿ ಹೋಜೊನ ಪ್ರಯೋಗಾಲಯದಲ್ಲಿ ಮೇಲೆ ಕೆಳಗೆ ಅಲೆಸುವ ಅಧ್ಯಾಯ, ಇವೆರಡೂ ಹೊತ್ತು ತುಂಬಿಸುವ ಕೆಲಸ. 2024ರ ಎರಡನೆಯ ಭಾಗದಲ್ಲಿ ಪ್ರತಿ ಸೀಮೆಗೆ ಹೋದಾಗಲೂ ಗೋಪುರ ಹತ್ತಿಸಿ, ಆ ಚಾಡ್ಲಿ ಎಂಬ ಹುಡುಗನಿಂದ ವರದಿ ಕೊಡಿಸುತ್ತಾರೆ. ನಿಮ್ಮ ಮಗನಿಗೆ ಈಗಲೇ ಹೇಳಿಡಿ: ಅವುಗಳಲ್ಲಿ ಮುಕ್ಕಾಲು ಪಾಲು ಬಿಟ್ಟರೂ ನಷ್ಟವಿಲ್ಲ.

ಜೆಸ್ಸಿಯ ವಿಷಯ ಬೇರೆ. ಮೂಲದಲ್ಲಿ ಅವಳು ಬಾಂಬು ತಯಾರಿಸುವ ಹುಡುಗಿ, ನಾಲ್ಕಾರು ಮಾತು ಆಡಿ ಏಳನೆಯ ವಲಯದ ಕಂಬದ ಮೆಟ್ಟಿಲುಗಳ ಮೇಲೆ ಸಾಯುತ್ತಾಳೆ. ಹೊಸ ಆಟದಲ್ಲಿ ಅವಳು ಕ್ಲೌಡ್‌ನನ್ನು ಮೇಲಿನ ನಗರದಲ್ಲಿರುವ ತಂದೆತಾಯಿಯ ಮನೆಗೆ ಕರೆದೊಯ್ಯುತ್ತಾಳೆ. ತಾಯಿ ಅತಿಥಿಗಳನ್ನು ಉಪಚರಿಸುತ್ತಿರುವಾಗ, ತಂದೆಯ ಬಳಿಯಿರುವ, ರಿಯಾಕ್ಟರುಗಳ ಒಡೆಯ ಶಿನ್ರಾ ಕಂಪನಿಯ ಗುರುತಿನ ಚೀಟಿ ಕದಿಯಲು ಕ್ಲೌಡ್ ಒಳಕೋಣೆಗೆ ನುಸುಳಬೇಕು. ಅಲ್ಲಿ ಆ ತಂದೆ ಆ ರಿಯಾಕ್ಟರುಗಳು ನೆಲದಿಂದ ಹೀರುವ ಮಾಕೊದ ವಿಷವೇರಿ, ಎಚ್ಚರವಿಲ್ಲದೆ ಹಾಸಿಗೆಯಲ್ಲಿ ಬಿದ್ದಿದ್ದಾನೆ. ಜೆಸ್ಸಿ ರಿಯಾಕ್ಟರುಗಳನ್ನು ಏಕೆ ಉಡಾಯಿಸುತ್ತಾಳೆಂದು ಯಾರೂ ಭಾಷಣ ಮಾಡುವುದಿಲ್ಲ, ಆ ಕೋಣೆಯೇ ಸಾಕು. ಅವಳು ಆ ಮೆಟ್ಟಿಲ ಮೇಲೆ ಸಾಯಲಿದ್ದಾಳೆಂದು ಮೊದಲೇ ಬಲ್ಲ ನಿಮ್ಮಂಥವರಿಗೆ ಆ ಮನೆಯ ದೃಶ್ಯ ನಿಮ್ಮ ಮಗನಿಗಿಂತ ಹೆಚ್ಚು ಚುಚ್ಚುತ್ತದೆ. ಇದನ್ನು ನೆನಪಿಡಿ, ನಿಮ್ಮ ಮೊದಲ ಪ್ರಶ್ನೆಗೆ ಬೇಕಾಗುತ್ತದೆ.

ಕಾಯುವುದು ಹುಚ್ಚೇ ಎಂದಿರಿ. ಹುಚ್ಚಾದರೆ ಅದನ್ನು ಹಿಡಿಸಿದವರು ಆ ಕಂಪನಿಯವರೇ. 2005ರಲ್ಲಿ ಲಾಸ್ ಏಂಜಲೀಸ್‌ನ ಇ3 ಎಂಬ ವಿಡಿಯೊ ಗೇಮ್ ಮೇಳದಲ್ಲಿ, ಇನ್ನೂ ಮಾರುಕಟ್ಟೆಗೆ ಬಂದಿರದ ಪ್ಲೇಸ್ಟೇಷನ್ 3ರ ಶಕ್ತಿ ತೋರಿಸಲೆಂದು ಈ ಆಟದ ಆರಂಭದ ದೃಶ್ಯವನ್ನು ಹೊಸದಾಗಿ ಮಾಡಿ ತೋರಿಸಿದರು. ಏರಿತ್ ಓಣಿಯಲ್ಲಿ ನಿಂತಳು, ರೈಲು ಬಂತು, ಕ್ಲೌಡ್ ಇಳಿದ. ಇದು ತಂತ್ರಜ್ಞಾನದ ಪ್ರದರ್ಶನ ಮಾತ್ರ, ಆಟವಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿಂದ ಹತ್ತು ವರ್ಷ ‘ಯಾವಾಗ?’ ಎಂಬ ಒಂದೇ ಪಲ್ಲವಿ. 2014ರ ಡಿಸೆಂಬರಿನಲ್ಲಿ ಲಾಸ್ ವೇಗಸ್‌ನ ಪ್ಲೇಸ್ಟೇಷನ್ ಸಮಾವೇಶದಲ್ಲಿ ಸ್ಕ್ವೇರ್ ಎನಿಕ್ಸಿನ ಶಿಂಜಿ ಹಾಶಿಮೊಟೊ ವೇದಿಕೆಗೆ ಬಂದು ‘ಫೈನಲ್ ಫ್ಯಾಂಟಸಿ 7’ ಪ್ಲೇಸ್ಟೇಷನ್ 4ಕ್ಕೆ ಬರುತ್ತಿದೆ ಎಂದಾಗ ಸಭೆ ಎದ್ದು ಕುಣಿಯಿತು. ಬಂದದ್ದು ಹಳೆಯ ಕಂಪ್ಯೂಟರ್ ಆವೃತ್ತಿಯೇ, ಯಥಾವತ್ತಾಗಿ! ಅಷ್ಟು ಜನರ ಮುಂದೆ ಅಂಥ ಸುದ್ದಿ ಹೇಳಲು ಯಾವ ಧೈರ್ಯ ಬೇಕೋ ನಾನರಿಯೆ. ನಿಜವಾದ ಘೋಷಣೆ 2015ರ ಜೂನ್‌ನ ಇ3ಯಲ್ಲಿ ಬಂತು. ಆಮೇಲೂ ಸುಗಮವಾಗಲಿಲ್ಲ: ಕೆಲಸದ ದೊಡ್ಡ ಪಾಲು ಹೊತ್ತಿದ್ದ ಹೊರಗಿನ ಸಂಸ್ಥೆ ಸೈಬರ್‌ಕನೆಕ್ಟ್2ನಿಂದ 2017ರಲ್ಲಿ ಅದನ್ನು ಮರಳಿ ತಮ್ಮ ಕೈಗೇ ತೆಗೆದುಕೊಂಡರು. 2020ರ ಮಾರ್ಚ್ 3ಕ್ಕೆ ನಿಗದಿಯಾಗಿದ್ದ ಬಿಡುಗಡೆ ಏಪ್ರಿಲ್ 10ಕ್ಕೆ ಹೋಯಿತು. ಅಷ್ಟರಲ್ಲಿ ನಮ್ಮಲ್ಲಿ ಲಾಕ್‌ಡೌನ್. ಅವಶ್ಯಕ ವಸ್ತುಗಳಲ್ಲದೆ ಬೇರೇನೂ ಮನೆಗೆ ಬರುವಂತಿಲ್ಲ. ಡಿಸ್ಕಿಗೆ ಹಣ ಕಟ್ಟಿ ಕಾದಿದ್ದ ಬೆಂಗಳೂರಿನವರೂ, ಮಂಗಳೂರಿನವರೂ ಒಂದೋ ಸುಮ್ಮನಿರಬೇಕು, ಇಲ್ಲವೇ ನೂರು ಜಿಬಿ ಆಸುಪಾಸಿನ ಆಟವನ್ನು ಮನೆಯ ಇಂಟರ್ನೆಟ್‌ನಲ್ಲಿ ಇಳಿಸಿಕೊಳ್ಳಬೇಕು. ರೀಮೇಕ್ ಎಂಬುದನ್ನು ಕೆಲವರು ರಾತ್ರಿಯೆಲ್ಲ ಶೇಕಡಾವಾರು ಏರುವ ಒಂದು ಪಟ್ಟಿಯಾಗಿಯೇ ಮೊದಲು ಕಂಡದ್ದು.

ಇಷ್ಟು ಕಾದವರಿಗೆ ತಯಾರಕರು ಏನು ಕೊಟ್ಟರು ನೋಡಿ. ಕಾಯುವವರನ್ನೇ ಆಟದೊಳಗೆ ಇಟ್ಟರು. ಮೊದಲ ಭಾಗದಲ್ಲಿ ಬೂದುಬಣ್ಣದ ಮುಸುಕು ಹೊದ್ದು ಹಾರಾಡುವ ಭೂತಗಳನ್ನು ನಿಮ್ಮ ಮಗ ಕಂಡಿದ್ದಾನೆ, ವಿಸ್ಪರ್‌ಗಳು. ಕಥೆ 1997ರ ದಾರಿ ಬಿಟ್ಟು ಕದಲಿತೋ, ಅವು ಮುತ್ತಿಕೊಳ್ಳುತ್ತವೆ. ಎರಡನೆಯ ರಿಯಾಕ್ಟರಿನ ದಾಳಿಗೆ ಕ್ಲೌಡ್‌ನನ್ನು ಬಿಟ್ಟು ಹೊರಟಾಗ ಜೆಸ್ಸಿಯ ಕಾಲಿಗೆ ಪೆಟ್ಟು ಮಾಡಿ, ಅವನೇ ಹೋಗುವಂತೆ ಮಾಡುತ್ತವೆ. ಖಳನಾಯಕ ಸೆಫಿರಾತ್ ಕ್ಲೌಡ್‌ನ ಸಂಗಡಿಗ ಬ್ಯಾರೆಟ್‌ನನ್ನು ಇರಿದು ಕೊಂದಾಗ, ಮೂಲದಲ್ಲಿ ಅವನು ಅಲ್ಲಿ ಸಾಯುವುದಿಲ್ಲವಾದ್ದರಿಂದ, ಗಾಯ ಮುಚ್ಚಿ ಎಬ್ಬಿಸುತ್ತವೆ. ವಿಧಿಯ ಕಾವಲುಗಾರರು ಎಂದು ಕಥೆ ಅವುಗಳನ್ನು ಕರೆಯುತ್ತದೆ. ‘ಒಂದಕ್ಷರ ಬದಲಾಯಿಸಿದರೆ ಜೋಕೆ’ ಎಂದು ಹದಿನೈದು ವರ್ಷ ಕಾಗದ ಬರೆದ ಅಭಿಮಾನಿಗಳಿಗೂ ಅವಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ನೀವೇ ಕತ್ತಿ ಹಿಡಿದು ಅವುಗಳನ್ನು ಸೋಲಿಸಬೇಕು. ಈ ಚಮತ್ಕಾರ ಹಿಡಿಸದೆ ಸಿಟ್ಟಾದವರು ಬಹಳ ಮಂದಿ. ಚಮತ್ಕಾರ ಅತಿಯಾಯಿತು ಎಂದು ನನಗೂ ಅನಿಸಿತು, ಆದರೆ ಅದರ ಹಿಂದಿನ ಯೋಚನೆ ಜಾಣತನದ್ದು. ಮೂಲವನ್ನು ಮುಂದಿಟ್ಟುಕೊಂಡು ಸಾಲು ಸಾಲಿಗೆ ವ್ಯಾಖ್ಯಾನ ಬರೆಯುವವನಂತೆ ಈ ತಂಡ ಕೆಲಸ ಮಾಡುತ್ತಿದೆ. ಒಂದು ಕಡೆ ತಲೆಬಾಗುತ್ತದೆ, ಮುಂದಿನ ಪುಟದಲ್ಲೇ ಜಗಳ ತೆಗೆಯುತ್ತದೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಕೊನೆ ಗೊತ್ತು ಎಂದು ಬರೆದಿದ್ದೀರಿ. ಕ್ಷಮಿಸಿ, ನಿಮಗೆ ಗೊತ್ತಿರುವುದು ಕೊನೆಯ ಸುದ್ದಿ. ಆಟ ನಿಲ್ಲಿಸಿದ್ದು ಮೊದಲ ಡಿಸ್ಕಿನ ತುದಿಯಲ್ಲಿ, ಅಲ್ಲಿಯವರೆಗಿನದನ್ನು ಮಾತ್ರ ನೀವು ಅನುಭವಿಸಿದ್ದೀರಿ. ಅದನ್ನು ಎಷ್ಟು ಗಾಢವಾಗಿ ಅನುಭವಿಸಿದಿರೆಂದರೆ, ಮುಂದೆ ಹೆಜ್ಜೆ ಇಡಲಾಗಲಿಲ್ಲ.

ಅದು ಹಾಗೇಕೆ ನಾಟಿತು? ಆಟಗಳಲ್ಲಿ ಸಾವೇನೂ ಹೊಸದಾಗಿರಲಿಲ್ಲ. ಏರಿತ್ ಪ್ರಾರ್ಥಿಸುತ್ತ ಕುಳಿತಿದ್ದಾಳೆ, ಸೆಫಿರಾತ್ ಮೇಲಿನಿಂದ ಇಳಿಯುತ್ತಾನೆ, ಉದ್ದನೆಯ ಕತ್ತಿ ಬೆನ್ನಿನಿಂದ ಹಾಯುತ್ತದೆ. ಜಡೆಯ ರಿಬ್ಬನ್ನಿನಿಂದ ಜಾರಿದ ಬಿಳಿಯ ಮಣಿ ಮೆಟ್ಟಿಲಿಂದ ಮೆಟ್ಟಿಲಿಗೆ ಪುಟಿಯುತ್ತ ನೀರಿಗೆ ಬೀಳುತ್ತದೆ. ಮರುಕ್ಷಣ ಜೆನೋವಾ ಎಂಬ ರಾಕ್ಷಸ ಜೀವಿಯೊಂದಿಗೆ ಯುದ್ಧ. ರಾಕ್ಷಸನೊಂದಿಗೆ ಕಾದಾಡುವಾಗ ಅಬ್ಬರದ ಸಂಗೀತ ಶುರುವಾಗುವುದು ಈ ಆಟಗಳ ಕಟ್ಟಳೆ. ಇಲ್ಲಿ ಶುರುವಾಗುವುದಿಲ್ಲ. ಸಂಗೀತ ನಿರ್ದೇಶಕ ನೊಬುವೊ ಉಎಮತ್ಸು ಏರಿತಳಿಗೆಂದು ಮಾಡಿದ ರಾಗವೇ ಯುದ್ಧದುದ್ದಕ್ಕೂ ಹರಿಯುತ್ತದೆ. ನೀವು ದಾಳಿ, ಮದ್ದು, ಮಂತ್ರ ಎಂದು ಗುಂಡಿ ಒತ್ತುತ್ತಲೇ ಇರಬೇಕು. (ನೀವು ಆಡಿದ್ದು 1998ರ ಕಂಪ್ಯೂಟರ್ ಆವೃತ್ತಿಯಾದ್ದರಿಂದ ಆ ರಾಗವನ್ನೂ ಸೌಂಡ್ ಕಾರ್ಡೇ ನುಡಿಸುವ ಮಿಡಿ ಸಂಗೀತವಾಗಿ ಕೇಳಿದ್ದೀರಿ. ಅಂದಿನ ಅಗ್ಗದ ಸೌಂಡ್ ಕಾರ್ಡುಗಳಲ್ಲಿ ಅದು ಹೇಗಿದ್ದೀತೆಂದು ಊಹಿಸಬಲ್ಲೆ. ಆದರೂ ಅತ್ತಿರಿ ಎಂದರೆ ಉಎಮತ್ಸು ಗೆದ್ದಂತೆ.) ಯುದ್ಧ ಮುಗಿದ ಮೇಲೆ ಪಟ್ಟಿ ತೆರೆದರೆ, ಅವಳಿಗೆ ತೊಡಿಸಿದ್ದ ಮಟೀರಿಯಾ ಎಂಬ ಮಂತ್ರದ ಹರಳುಗಳೆಲ್ಲವೂ ನಿಮ್ಮ ಚೀಲಕ್ಕೆ ಮರಳಿರುತ್ತವೆ. ಅವಳ ಹೆಸರು ಇರುವುದಿಲ್ಲ. ಗಂಟೆಗಟ್ಟಲೆ ಹೋರಾಡಿಸಿ ಅವಳನ್ನು ಬೆಳೆಸಿದ ಶ್ರಮವೂ ಅವಳೊಂದಿಗೇ ಹೋಯಿತು. ಓದುವವನಿಗೆ, ನೋಡುವವನಿಗೆ ಈ ನಷ್ಟ ತಟ್ಟುವುದಿಲ್ಲ. ಲೆಕ್ಕದ ಪುಸ್ತಕವನ್ನು ತಾನೇ ಇಟ್ಟವನಿಗೆ ಮಾತ್ರ ತಟ್ಟುತ್ತದೆ.

ಎರಡನೆಯ ಭಾಗ ಈ ದೃಶ್ಯವನ್ನು ಏನು ಮಾಡಿತೆಂದು ನಾನು ಹೇಳುವುದಿಲ್ಲ. ಯಾರೇ ಹೇಳಬಂದರೂ ಕಿವಿ ಮುಚ್ಚಿಕೊಳ್ಳಿ. ಅದು ನಿಮ್ಮ ತಿಳಿವಳಿಕೆಯೊಂದಿಗೇ ಆಡುತ್ತದೆ ಎಂದಷ್ಟೇ ಹೇಳುತ್ತೇನೆ. ಜೆಸ್ಸಿಯ ಮನೆಯ ದೃಶ್ಯಕ್ಕೆ ಹೇಳಿದ್ದು ಇಲ್ಲಿಗೆ ಹತ್ತು ಪಟ್ಟು ಸಲ್ಲುತ್ತದೆ. ಮುಂದೇನಾಗುತ್ತದೆಂದು ತಿಳಿಯದವನ ಕಾತರಕ್ಕಿಂತ ತಿಳಿದವನ ಕಾತರ ಹಠಮಾರಿ. ಅದಕ್ಕೆ ಹುಚ್ಚು ಎಂಬ ಹೆಸರು ಬೇಡ.

ಮೂರನೆಯ ಭಾಗದಿಂದ ನಾನು ಕಾಯುತ್ತಿರುವುದು ಎರಡೇ. ಒಂದು, ಹೈವಿಂಡ್ ಎಂಬ ಹಾರುವ ಹಡಗು. ಹಳೆಯ ಆಟದಲ್ಲಿ ಊರಿನ ಹೊರಗೆ ಬಂದೊಡನೆ ನೀವು ಬೇರೆಯೇ ಒಂದು ಪುಟಾಣಿ ಭೂಪಟದ ಮೇಲೆ ಇರುತ್ತಿದ್ದಿರಿ; ಕ್ಲೌಡ್ ಅಲ್ಲಿ ಮನೆಗಿಂತ ಎತ್ತರ. ಹಾಗಾಗಿ ಹಡಗು ಸಿಕ್ಕ ಮೇಲೆ ನಿಮಿಷದಲ್ಲಿ ಖಂಡ ದಾಟಿದರೂ ಯಂತ್ರಕ್ಕೆ ಭಾರವಿರಲಿಲ್ಲ. ಎರಡನೆಯ ಭಾಗದಲ್ಲಿ ಹುಲ್ಲುಗಾವಲಿನಿಂದ ನಿಬೆಲ್ ಪರ್ವತದವರೆಗೆ ಎಲ್ಲವನ್ನೂ ಮನುಷ್ಯನ ಅಳತೆಯಲ್ಲಿ ಕಟ್ಟಿಬಿಟ್ಟಿದ್ದಾರೆ. ಈಗ ಅದರ ಮೇಲೆಯೇ ವೇಗವಾಗಿ ಹಾರಬೇಕು, ಬೇಕಾದಲ್ಲಿ ಇಳಿಯಬೇಕು, ಇಳಿಯುವಷ್ಟರಲ್ಲಿ ಕೆಳಗಿನ ಹುಲ್ಲು ಬೆಳೆದಿರಬೇಕು. ನಿರ್ದೇಶಕ ನವೊಕಿ ಹಮಾಗುಚಿ ಹಡಗಿನ ಸವಾಲಿನಿಂದ ತಪ್ಪಿಸಿಕೊಳ್ಳುವುದಿಲ್ಲ ಎಂದಿದ್ದಾರೆ. ಪಟ್ಟಿಯಲ್ಲಿ ಊರಿನ ಹೆಸರು ಒತ್ತಿದರೆ ಹೋಗಿ ಇಳಿಸುವ ಬಸ್ಸಿನಂತೆ ಅದನ್ನು ಮಾಡಿದರೆ ನನ್ನ ಮಟ್ಟಿಗೆ ಇಡೀ ಯೋಜನೆ ಸೋತಂತೆ. ಎರಡನೆಯದು, ನೀವು ಓದಿ ಮಾತ್ರ ತಿಳಿದ ಭಾಗ: ನಾಯಕ ಗಾಲಿಕುರ್ಚಿಯಲ್ಲಿ ಮಾತು ಸತ್ತು ಕುಳಿತಿದ್ದಾನೆ, ಆಟ ಅವನನ್ನು ನಿಮ್ಮ ಕೈಯಿಂದ ಕಿತ್ತುಕೊಂಡು ಟಿಫಾಳ, ಆಮೇಲೆ ಪೈಲಟ್ ಸಿಡ್‌ನ ಕೈಗೆ ಕೊಡುತ್ತದೆ. ಕೋಟಿಗಟ್ಟಲೆ ಸುರಿದ ಇಂದಿನ ಆಟವೊಂದು ತನ್ನ ನಾಯಕನನ್ನು ಅಷ್ಟು ಹೊತ್ತು ಮೂಲೆಯಲ್ಲಿ ಕೂರಿಸಲು ಒಪ್ಪುತ್ತದೆಯೇ ಎಂಬ ಅನುಮಾನ ನನಗಿದೆ. ವೂಟಾಯ್, ರಾಕೆಟ್ ಟೌನ್ ಎಂಬ ಊರುಗಳೆರಡನ್ನೂ ಮೂರನೆಯದಕ್ಕೇ ಉಳಿಸಿಕೊಂಡಿದ್ದಾರೆ, ಆದ್ದರಿಂದ ಸಾಮಗ್ರಿಗೆ ಬರವಿಲ್ಲ.

ಮಗನಿಗೆ ಹಳೆಯದನ್ನು ಖಂಡಿತ ಆಡಿಸಿ, ನೀವೂ ಜೊತೆಗೆ ಕುಳಿತು ಬಿಟ್ಟಲ್ಲಿಂದ ಮುಂದಕ್ಕೆ ಹೋಗಿ. ಈಗ ಸಿಗುವ ಆವೃತ್ತಿಗಳಲ್ಲಿ ಮೂರು ಪಟ್ಟು ವೇಗದಲ್ಲಿ ಓಡಿಸುವ, ದಾರಿಯಲ್ಲಿ ಎರಗುವ ಯುದ್ಧಗಳನ್ನು ನಿಲ್ಲಿಸುವ ಸೌಲಭ್ಯವಿದೆ. ಹೆಜ್ಜೆಗೊಂದು ಯುದ್ಧ ಬಂದರೆ ಇಂದಿನ ಮಕ್ಕಳು ಎದ್ದು ಹೋಗುತ್ತಾರೆ. ಗೊಂಬೆಗಳೆಂದು ನಗುತ್ತಾನೆ, ನಗಲಿ. ಶಿನ್ರಾ ಕಟ್ಟಡದ ಐವತ್ತೊಂಬತ್ತನೇ ಮಹಡಿಗೆ ಮೆಟ್ಟಿಲು ಹತ್ತಿಸಿ, ಬ್ಯಾರೆಟ್‌ನ ಗೊಣಗಾಟ ಕೇಳಿಸಿ. ಹೊಸದರಲ್ಲಿ ಅದೇ ಮೆಟ್ಟಿಲುಗಳನ್ನು ಹತ್ತಿದ್ದರೆ, ಯಾವುದು ಎಲ್ಲಿಂದ ಬಂತೆಂದು ಅವನೇ ಹೇಳುತ್ತಾನೆ.

‘ಕ್ರೈಸಿಸ್ ಕೋರ್’ ಕೊನೆಗಿರಲಿ. 2007ರಲ್ಲಿ ಪಿಎಸ್‌ಪಿ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರಕ್ಕೆ ಬಂದು, 2022ರಲ್ಲಿ ಹೊಸ ರೂಪ ಪಡೆದ ಆಟ ಅದು. ಮೊದಲ ಭಾಗದ ಕೊನೆಯಲ್ಲಿ ಕ್ಲೌಡ್‌ನಿಗೆ ಹೆಗಲು ಕೊಟ್ಟು ನಡೆಯುವ ಕಪ್ಪು ಕೂದಲಿನ ಯುವಕ ಯಾರೆಂದು ಮಗ ಕೇಳಿರಬೇಕು. ಅವನೇ ಜ್ಯಾಕ್, ಅದು ಅವನದೇ ಕಥೆ. ಹಳೆಯ ಆಟ ಮುಗಿಯುವ ಮೊದಲು ಮಾತ್ರ ಅದನ್ನು ಮುಟ್ಟಬೇಡಿ. ಕ್ಲೌಡ್‌ನ ದೊಡ್ಡ ಗುಟ್ಟನ್ನು ಅದು ಅವನ ಹುಟ್ಟೂರು ನಿಬೆಲ್‌ಹೈಮಿನಲ್ಲೇ ಬಿಟ್ಟುಕೊಡುತ್ತದೆ.

– ಸಂಪಾದಕ